ತಣ್ಣಗಿಟ್ಟ ಬೀಜ

ಔಷಧಿ ಅಂಗಡಿಯವನಿಗೆ ಮನೆಯವರೆಲ್ಲ ಸೇರಿ ಇಟ್ಟ ಹೆಸರು ಫ್ರಿಜ್ಜಪ್ಪ. ತಣ್ಣಗಿದ್ದರೆ ಯಾವುದೂ ಕೆಡುವುದಿಲ್ಲ ಎಂಬುದು ಅವನ ಪಾಲಿಗೆ ವೇದವಾಕ್ಯ. ಇಪ್ಪತ್ತೆರಡು ವರ್ಷ ಲಸಿಕೆ, ಇನ್ಸುಲಿನ್ ಕಾಯ್ದುಕೊಂಡು ಬಂದವನು ಬೇರೆ ಏನನ್ನು ತಾನೇ ನಂಬಿಯಾನು?

ಅಕ್ಕನ ಮನೆ ಮುಂದಿನ ಅಲಂಕಾರದ ತಾಳೆ ಮರ ಅಮ್ಮ ತಾನೇ ಬೀಜ ಮೊಳೆಸಿ ಬೆಳೆಸಿದ್ದು. ಅದರ ಬೇರು ಚರಂಡಿ ಪೈಪಿಗೆ ನುಗ್ಗಿ, ಮರ ಕಡಿಯುವುದು ಖಾಯಂ ಆಗಿತ್ತು. ಅಕ್ಕ ಅಡಿಕೆ ಗಾತ್ರದ ಹದಿನಾಲ್ಕು ಹಣ್ಣು ಆರಿಸಿ ತಮ್ಮನ ಕೈಗಿಟ್ಟಳು.

"ನನ್ನ ಕೈಯಲ್ಲಿ ಗಿಡ ಏಳಲ್ಲ ಕಣೋ. ನೀನು ಅಚ್ಚುಕಟ್ಟು. ಅಮ್ಮನ ಮರದ್ದು ಒಂದಾದ್ರೂ ಉಳಿಸ್ಕೊಡು."

ಅಚ್ಚುಕಟ್ಟಾಗಿಯೇ ಮಾಡಿದ. ತಿರುಳು ಕೆರೆದ, ತೊಳೆದ, ವಾರವಿಡೀ ಬಿಸಿಲಿಗೆ ಒಣಗಿಸಿದ. ಡಬ್ಬಿಗೆ ತುಂಬಿ, ತಾರೀಖಿನ ಚೀಟಿ ಅಂಟಿಸಿ, ಅಂಗಡಿಯ ಫ್ರಿಜ್ಜಿನಲ್ಲಿ ಇನ್ಸುಲಿನ್ ಪಕ್ಕಕ್ಕಿಟ್ಟ. ಬಿಡುವಾದಾಗ ಬಿತ್ತಿದರಾಯಿತು ಎಂದುಕೊಂಡ. ಮಹಾಶಯನಿಗೆ ಬಿಡುವಾಗಲು ಆರು ವಾರ ಹಿಡಿಯಿತು.

ಕುಂಡದಲ್ಲಿ ಹುಲ್ಲು ಬಂತು, ನಾಯಿಕೊಡೆ ಬಂತು, ತಾಳೆ ಮಾತ್ರ ಬರಲಿಲ್ಲ. ಮೂರು ತಿಂಗಳು ಕಾದು ಎರಡು ಬೀಜ ಅಗೆದು ತೆಗೆದು, ಸಸಿ ಮಾರುವವನ ಹತ್ತಿರ ಒಯ್ದ. ಅವನು ಕೊಯ್ದು ನೋಡಿದರೆ ಒಳಗೆಲ್ಲ ಬೂದು ಬಣ್ಣ, ಕೊಳೆತ ವಾಸನೆ.

"ಫ್ರಿಜ್ಜಲ್ಲಿಟ್ಟಿದ್ರಾ? ಬಿಸಿ ಸೀಮೆ ಬೀಜ ಇವು ಸ್ವಾಮಿ. ಒಣಗಿಸಿದ್ರೂ ಸಾಯ್ತವೆ, ತಣ್ಣಗಿಟ್ರೂ ಸಾಯ್ತವೆ. ಒದ್ದೆ ತೆಂಗಿನ ನಾರಿನ ಪುಡಿ ಜೊತೆ ಪ್ಲಾಸ್ಟಿಕ್ ಕವರಿಗೆ ಹಾಕಿ, ಬೆಚ್ಚಗಿರೋ ಮೂಲೆಗೆ ಬಿಸಾಕಿದ್ರೆ ಸಾಕಿತ್ತು."

ಬಿಸಾಕಿದ್ದರೆ ಸಾಕಿತ್ತಂತೆ! ಹುಟ್ಟಿದಾಗಿನಿಂದ ಒಂದು ರಬ್ಬರ್ ಬ್ಯಾಂಡನ್ನೂ ಬಿಸಾಕದವನಿಗೆ ಅಳುವೇ ಬಂತು.

ಪ್ರತಿ ಭಾನುವಾರ ಅಕ್ಕನ ಫೋನು ತಪ್ಪುತ್ತಿರಲಿಲ್ಲ. "ಮೊಳಕೆ ಬಂತೇನೋ?" ಆ ಭಾನುವಾರ ನಿಜ ಹೇಳಲೆಂದೇ ಬಾಯಿ ತೆರೆದ. "ಬಂತಕ್ಕ, ಮೂರು ಬಂದಿವೆ" ಅಂದುಬಿಟ್ಟ. ಆ ಕಡೆ ಅಕ್ಕ ಮೂಗೆಳೆದುಕೊಂಡದ್ದು ಕೇಳಿಸಿತು. ಮುಂದಿನ ವಾರಕ್ಕೆ ಮೂರು ಐದಾದವು, ಅದರ ಮುಂದಿನ ವಾರ ಎಲೆ ಬಿಟ್ಟವು. ಮರದ ಸುದ್ದಿ ಮಾತ್ರ ಅವನು ಎತ್ತಲಿಲ್ಲ. ಯಾವತ್ತೋ ಕಡಿದಿರುತ್ತಾರೆ, ಕೇಳಿ ಅವಳನ್ನು ಯಾಕೆ ಅಳಿಸಲಿ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಎರಡು ತಿಂಗಳಾದ ಮೇಲೆ ಒಂದು ದಿನ ಅಕ್ಕ ಹೇಳದೆ ಕೇಳದೆ ಅಂಗಡಿಗೇ ಬಂದಳು. ಸಸಿ ಒಯ್ಯಲು ಬಕೆಟ್ ತಂದಿದ್ದಳು. ಅವನು ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಫ್ರಿಜ್ಜಿನಿಂದ ಶುರುಮಾಡಿ ಎಲ್ಲವನ್ನೂ ಹೇಳಿದ. ಬೈಗುಳಕ್ಕೆ ತಲೆಯೊಡ್ಡಿ ನಿಂತ.

ಅಕ್ಕ ಬೈಯಲಿಲ್ಲ. "ಸತ್ತಿವೆ ಅಂತ ನಿಂಗೆ ಗೊತ್ತಾಗಿದ್ದು ಯಾವಾಗ?"

"ಎರಡು ತಿಂಗಳಾಯ್ತಕ್ಕ."

"ಮರ ಕಡಿದಿದ್ದು ಮೊನ್ನೆ ಗುರುವಾರ ಕಣೋ. ಪೈಪಿನವರು ಇವತ್ತು ಬರ್ತೀವಿ, ನಾಳೆ ಬರ್ತೀವಿ ಅಂತ ತಳ್ಳಿಕೊಂಡೇ ಬಂದ್ರು. ಅಷ್ಟರಲ್ಲಿ ಇನ್ನೊಂದು ಗೊನೆ ಹಣ್ಣಾಗಿ ಉದುರ್ತಾ ಇತ್ತು." ಅವಳು ಬಕೆಟ್ಟನ್ನು ಮಡಿಲಿಗೆಳೆದುಕೊಂಡಳು. "ನಿನ್ನ ಹತ್ರ ಐದು ಸಸಿ ಇವೆಯಲ್ಲ ಅಂತ, ದಿನಾ ಬೆಳಿಗ್ಗೆ ನಾನೇ ಗುಡಿಸಿ ಕಸಕ್ಕೆ ಹಾಕಿದೆ."