ಇಳಿಯದ ಮುಳ್ಳು

ನಿಜಾಮರ ಕಾಲ, ಅವರ ಲೆಕ್ಕದ ಫಸಲಿ ೧೩೪೯, ಅಂದರೆ ೧೯೩೯ನೇ ಇಸವಿ. ದಸರೆಯ ಖಂಡೇಪೂಜೆ ಕಳೆದು ಎಂಟು ದಿನವಾಗಿತ್ತು. ಚಿತ್ತಾಪುರದ ಸುತ್ತ ಕರಿನೆಲದಲ್ಲಿ ಹಿಂಗಾರಿ ಜೋಳದ ಬಿತ್ತನೆ ನಡೆದಿತ್ತು. ಹೊತ್ತು ಮೂಡುವ ಮೊದಲೇ ಡ್ರೈವರ್ ಬಂದೇಅಲಿ ತನ್ನ ಧಣಿ ಬಸವಂತರಾಯರ ಹಳೇ ಮೋಟಾರಿನ ಬಾಗಿಲು ತೆಗೆದು ನೋಡಿದ. ಇಂಜಿನ್ನಿನ ಕಾವು ತೋರಿಸುವ ಮುಳ್ಳು ಕೆಂಪು ಗೆರೆಯ ಮೇಲೆಯೇ ಕೂತಿತ್ತು. ರೇಡಿಯೇಟರಿನ ಮೇಲೆ ಅಂಗೈ ಇಟ್ಟ. ಇಬ್ಬನಿ ಅಂಟಿತು.

ಶಹಾಬಾದಿನ ದಾರಿಯಲ್ಲಿ ರಾಯರು ಮುಳ್ಳು ನೋಡುವುದು, ಗಾಡಿ ನಿಲ್ಲಿಸುವುದು, ಆರಲೆಂದು ಬೇವಿನ ನೆರಳಲ್ಲಿ ಕೂತು ಬೈಯುವುದು, ಎಂಟು ದಿನ ಇದೇ ಆಗಿತ್ತು. ಬಂದೇಅಲಿ ನೀರು ಹಾಕದೆ ಇಂಜಿನ್ ಸುಟ್ಟ ಎಂದು ಊರ ತುಂಬ ಹೇಳಿದ್ದರು. ಇನ್ನೊಂದು ದಿನ ಮುಳ್ಳು ಇಳಿಯದಿದ್ದರೆ ಬೇರೆ ಡ್ರೈವರ್ ಎಂದೂ ಅಂದಿದ್ದರು. ಬಂದೇಅಲಿಯದು ಹದಿನಾರು ವರ್ಷದ ಚಾಕರಿ.

ರಾಯರು ಅಂಗಳಕ್ಕೆ ಬಂದಾಗ ಅವನು ಹೇಳಿದ: "ರಾಯರ, ಗಾಡಿ ತಣ್ಣಗ ಅದರಿ. ಮುಳ್ಳೇ ಸುಳ್ಳು ಹೇಳಾಕತ್ತದ."

"ತಣ್ಣಗಿದ್ರ ಮುಳ್ಳು ಯಾಕ ಮ್ಯಾಲ ಅದ? ನಾ ಏಳೂಕಿಂತ ಮದಲು ಯಾರನ್ನ ಕುಂಡ್ರಿಸ್ಕೊಂಡು ದಂಡೋತಿತನಾ ತಿರುಗಿ ಬಂದಿ?"

"ಕೈ ಇಟ್ಟು ನೋಡ್ರಿ."

"ಗಾಡಿ ಹಣಿ ಮುಟ್ಟಿ ಜ್ವರ ನೋಡ್ಲಿಕ್ಕೆ ನಾ ಏನು ಹಕೀಮನೇನು?"

ಗುಮಾಸ್ತ ರೇವಣಪ್ಪ ಹಲ್ಲು ಕಿರಿದ.

ಬಂದೇಅಲಿ ಬಾನೆಟ್ ಎತ್ತಿದ. ರೇಡಿಯೇಟರಿನ ನೀರು ಬಸಿದು, ಒಳಗಿದ್ದ ಹಿತ್ತಾಳೆ ಗುಂಡನ್ನು ಬಿಚ್ಚಿ ಹೊರತೆಗೆದ. ಗುಂಡು ಕಾದರೆ ಮುಳ್ಳು ಏರಬೇಕು, ಆರಿದರೆ ಇಳಿಯಬೇಕು. ಎರಡನ್ನೂ ಜೋಡಿಸುವುದು ಸುತಳಿಯಷ್ಟು ತೆಳ್ಳನೆಯ ತಾಮ್ರದ ನಳಿ. ಗುಂಡನ್ನು ಬಾವಿಯ ನೀರಿನ ಬಕೀಟಿನಲ್ಲಿ ಮುಳುಗಿಸಿ, ಮುಳ್ಳು ನೋಡಲು ರಾಯರನ್ನೇ ಕೂರಿಸಿದ. ಇಳಿಯಲಿಲ್ಲ. ರಾಯರ ಹೆಂಡತಿ ನೀಲಾಬಾಯಿ ಒಲೆಯ ಮೇಲಿನ ಕುದಿನೀರು ತಂದುಕೊಟ್ಟರು. ಅದಕ್ಕೂ ಅಲುಗಲಿಲ್ಲ.

"ಅಂದ್ರ ಮುಳ್ಳು ಸತ್ತದ," ಎಂದರು ರಾಯರು, ದನಿ ತಗ್ಗಿಸಿ. ಮರುಕ್ಷಣವೇ, "ತಾನಾಗೇ ಸಾಯ್ತದೇನು? ನೀನೇ ಏನೋ ಮಾಡೀದಿ. ಹೇಳು, ಯಾರು ಕೆಡಿಸಿದ್ರು?"

ಬಂದೇಅಲಿ ನಳಿಯ ಗುಂಟ ಬೆರಳು ಸರಿಸುತ್ತ ಹೋದ. ಮುಳ್ಳಿನ ಹಲಗೆಯ ಹಿಂದೆ ಬೆರಳು ನಿಂತಿತು. ಖಂಡೇಪೂಜೆಯ ದಿನ ಗಾಡಿ ಶಹಾಬಾದಿನಿಂದ ಬಂದು ಇನ್ನೂ ಕುದಿಯುತ್ತಿರುವಾಗಲೇ, ಯಜಮಾನನೇ ಕೈಯಾರೆ ಕೂರಿಸಬೇಕೆಂದು ರಾಯರು ಹಿತ್ತಾಳೆ ಬಸವಣ್ಣನ ಮೂರ್ತಿಯನ್ನು ಆ ಹಲಗೆಗೆ ಮೊಳೆ ಹೊಡೆದು ಬಿಗಿದಿದ್ದರು. "ಹಿಂದ ನಳಿ ಅದರಿ" ಎಂದು ಇವನು ಅಂದಿದ್ದ; "ಮುಹೂರ್ತ ಮೀರ್ತದ, ಸರಿ ಅತ್ಲಾಗ" ಎಂದಿದ್ದರು. ಮೊಳೆ ಹಲಗೆ ತೂರಿ, ನಳಿಯನ್ನು ಹಿಂದಿನ ತಗಡಿಗೆ ಒತ್ತಿ ಚಪ್ಪಟೆ ಮಾಡಿತ್ತು. ಆ ದಿನ ಏರಿದ ಕಾವಿನಲ್ಲೇ ಮುಳ್ಳು ಸಿಕ್ಕಿಬಿದ್ದಿತ್ತು.

"ಈ ಮೊಳಿ ನೋಡ್ರಿ," ಎಂದನಷ್ಟೆ.

ನೀಲಾಬಾಯಿ ಬಗ್ಗಿ ನೋಡಿ ನಕ್ಕುಬಿಟ್ಟರು. "ಅಯ್ಯ, ನಿಮ್ಮ ಮೊಳಿನ ರೀ! ಎಂಟು ದಿನ ಸುಮ್‌ಸುಮ್ಮನೆ ಆ ಬಡವಗ ಬೈದ್ರಿ."

ರೇವಣಪ್ಪನಿಗೂ ನಗು ತಡೆಯಲಾಗಲಿಲ್ಲ. ಬಾವಿಕಟ್ಟೆಯ ಹೆಂಗಸರೂ ನಕ್ಕರು. ರಾಯರ ಮುಖ ಕಪ್ಪಿಟ್ಟಿತು.

"ಬಸವಣ್ಣನ ಮ್ಯಾಲ ತಪ್ಪು ಹೊರಿಸ್ತೀಯೇನು?"

"ಬಸವಣ್ಣನ ಮಾತು ನಾ ಎಲ್ಲಿ ಆಡೀನ್ರಿ? ಮೊಳಿ ಮಾತು ಆಡೀನಿ."

"ಗಾಡಿ ಕೀಲಿ ರೇವಣಪ್ಪನ ಕೈಯಾಗ ಕೊಡು."

ನೀಲಾಬಾಯಿಯ ನಗು ನಿಂತಿತು. ಸೆರಗು ಸರಿಮಾಡಿಕೊಂಡು ಒಳಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ.

ಬಂದೇಅಲಿಯ ಮನೆಯಲ್ಲಿ ಹೆಂಡತಿ ಇಮಾಮ್ಬೀ ರೊಟ್ಟಿ ಬಡಿಯುವುದನ್ನು ಬಿಟ್ಟು ಕೇಳಿದಳು: "ಮುಳ್ಳು ಕೆಟ್ಟದ ಅಂದು ಸುಮ್ನಾಗಬೇಕಿತ್ತು. ಮೊಳಿತನಾ ಯಾಕ ಹೋದ್ರಿ?"

"ಕೇಳಿದ್ರು. ತೋರಿಸ್ದೆ."

"ಹದಿನಾರು ವರ್ಷ ಎಲ್ಲಕ್ಕೂ ಹೌದ್ರಿ ಅಂದವರಿಗೆ ಇವತ್ತೇನಾಗಿತ್ತು?"

ಅವನು ಒಲೆಗೆ ಒಂದು ಕಟ್ಟಿಗೆ ತಳ್ಳಿದ.

ಎರಡೇ ದಿನದಲ್ಲಿ ಮಾತು ಹಬ್ಬಿತು: ಇಂಜಿನ್ ಸುಟ್ಟದ್ದಲ್ಲದೆ ಬಂದೇಅಲಿ ದೇವರಿಗೂ ಕೈ ಹಚ್ಚಿದ. ಅವನು ಕೆಲಸ ಕೇಳಿಕೊಂಡು ಸೇಡಂಗೆ ಹೋದ, ಶಹಾಬಾದಿಗೆ ಹೋದ. ಗಾಡಿ ಇದ್ದವರೆಲ್ಲ ರಾಯರ ಬೀಗರು, ಇಲ್ಲವೆ ಗೆಳೆಯರು. ಕುಂದ್ರಿ ಎಂದರು, ಚಹಾ ಕೊಟ್ಟರು, ಕೆಲಸ ಇಲ್ಲವೆಂದರು. ಸೋಮವಾರ ಬೆಳಿಗ್ಗೆ ಬಂದೇಅಲಿ, ಇಮಾಮ್ಬೀ ಇಬ್ಬರೂ ವಾಡಿ ಕಡೆಯ ರೈಲು ಹತ್ತಿ ಊರು ಬಿಟ್ಟರು.