ಏನಂತೆ?

“ನೋಡಿ ಸ್ನೇಹಿತರೇ, ಗಡಿ ದಾಟಿದ್ದೇ ತಡ, ರಸ್ತೆ ಅವಸ್ಥೆ ನೋಡಿ!” ಎಂದು ಗಂಡ ಕಾರಿನ ಗಾಜಿಗೆ ಅಂಟಿಸಿದ್ದ ಫೋನಿಗೆ ಹೇಳಿದ. ಹೇಳಿದ್ದಲ್ಲದೆ, ಸ್ಟೇರಿಂಗನ್ನು ಬೇಕೆಂದೇ ಅತ್ತಿತ್ತ ತಿರುಗಿಸಿ ಕಾರನ್ನು ಓಲಾಡಿಸಿದ.

ಪಕ್ಕದಲ್ಲಿ ಕೂತ ಹೆಂಡತಿ ರಸ್ತೆಯನ್ನೇ ನೋಡುತ್ತಿದ್ದಳು. ರಸ್ತೆ ನುಣ್ಣಗಿತ್ತು. ಸೊಂಟ ಮುರಿಯುವಂಥ ಗುಂಡಿಗಳಿದ್ದದ್ದು ಗಡಿ ದಾಟುವ ಮೊದಲು. ಆಗ ಫೋನು ಅವನ ಜೇಬಿನಲ್ಲಿತ್ತು.

“ಗುಂಡಿ ಇದ್ದಿದ್ದು ನಮ್ಮ ಕಡೆ ರೀ,” ಎಂದಳು.

“ಶ್! ರೆಕಾರ್ಡ್ ಆಗ್ತಿದೆ ಕಣೇ.”

ಟೈಲ್ಸ್ ಅಂಗಡಿ ಇಟ್ಟುಕೊಂಡಿದ್ದ ಅವನಿಗೆ ಈಚೆಗೆ ಹತ್ತಿದ ಗೀಳು ಇದು. ರಜೆ ಸಿಕ್ಕರೆ ಕಾರು ಹತ್ತುವುದು, ಹೋದ ಊರಿನ ಬಗ್ಗೆ ತನಗನ್ನಿಸಿದ್ದನ್ನು ಮಾತಾಡಿ ವಿಡಿಯೊ ಹಾಕುವುದು. ನಗಿಸುವ ಮಾತು ಅವನಿಗೆ ಒಲಿದಿತ್ತು. ಅಂಗಡಿಗೆ ಬಂದ ಗಿರಾಕಿಗಳು ಟೈಲ್ಸ್ ವಿಷಯ ಬಿಟ್ಟು ಮುಂದಿನ ವಿಡಿಯೊ ಯಾವಾಗ ಎಂದು ಕೇಳುವಷ್ಟು ಹೆಸರೂ ಆಗಿತ್ತು. ಈ ಸಲ ಪಕ್ಕದ ರಾಜ್ಯ, ಕೊನೆಗೆ ಅದರ ರಾಜಧಾನಿ.

ಅವಳು ಹುಟ್ಟಿದ್ದು ಆ ರಾಜಧಾನಿಯಲ್ಲೇ. ತಾಯಿ ಅಲ್ಲಿಯವಳು. ತಾಯಿ ತೀರಿಕೊಂಡಾಗ ಪುಟ್ಟ ಹುಡುಗಿಯನ್ನು ಚಿಕ್ಕಮ್ಮ ಕೆಲವು ವರ್ಷ ಸಾಕಿದ್ದಳು. ಆಮೇಲೆ ಅಪ್ಪ ಬಂದು ತನ್ನೂರಿಗೆ ಕರೆದೊಯ್ದಿದ್ದ. ಮದುವೆಯಾದ ಮೇಲೆ ಒಂದು ಸಲವೂ ಚಿಕ್ಕಮ್ಮನ ಮನೆಯ ಮೆಟ್ಟಿಲು ಹತ್ತಲಾಗಿರಲಿಲ್ಲ. ಈ ಪ್ರವಾಸದ ಮಾತು ಬಂದಾಗ ಅವಳು ಮರುಮಾತಿಲ್ಲದೆ ಬಟ್ಟೆ ತುಂಬಿಕೊಂಡದ್ದು ಅದಕ್ಕೇ.

ದಾರಿಯುದ್ದಕ್ಕೂ ದುಭಾಷಿಯ ಕೆಲಸ ಅವಳದಾಯಿತು. ಪೆಟ್ರೋಲ್ ಬಂಕಿನಲ್ಲಿ ಕರೆಂಟು ಹೋಗಿ ಪಂಪು ನಿಂತಿತ್ತು.

“ಈ ಜನಕ್ಕೆ ಹುಟ್ಟಿದಾಗಲೇ ನಿದ್ದೆ ಮಾತ್ರೆ ನುಂಗಿಸ್ತಾರಾ, ಕೇಳು ಅವನ್ನ,” ಎಂದ ಗಂಡ.

“ತುಂಬ ಹೊತ್ತಾಗುತ್ತಾ ಅಣ್ಣಾ?” ಎಂದು ಅವಳು ಅಲ್ಲಿಯ ಭಾಷೆಯಲ್ಲಿ ಕೇಳಿದಳು. ಬಂಕಿನವನು ತನ್ನ ಕುರ್ಚಿಯನ್ನೇ ನೆರಳಿಗೆ ಎಳೆದು ಅವಳಿಗೆ ಕೊಟ್ಟ.

“ಏನಂತೆ?”

“ಈಗ ಬರುತ್ತಂತೆ. ಕೂತ್ಕೊಳ್ಳಿ ಅಂದ್ರು.”

“ಕೂರೋದು ಒಂದು ಚೆನ್ನಾಗಿ ಗೊತ್ತು ಈ ಜನಕ್ಕೆ!”

ಕಾರು ಹೊರಟ ಮೇಲೆ ಅವಳು ಕೇಳಿದಳು, “ಈ ಜನ ಅಂದ್ರೆ ಯಾರು ರೀ? ನಾನೂ ಇದೇ ಜನ ಅಲ್ವಾ?”

“ನೀನಾ? ನೀನು ಬಿಡು, ನಮ್ಮವಳಾಗಿ ಯಾವ ಕಾಲ ಆಯ್ತು!” ಎಂದು ಅವನು ಪ್ರೀತಿಯಿಂದಲೇ ಅವಳ ತೊಡೆ ತಟ್ಟಿದ. ಹೊಗಳಿದೆನೆಂದೇ ಅವನ ಎಣಿಕೆ. ತಟ್ಟಿದ ಜಾಗ ಬೆಂಕಿ ತಾಗಿದ ಹಾಗೆ ಉರಿಯಿತು. ಅವಳು ಕಾಲನ್ನು ಬಾಗಿಲ ಕಡೆಗೆ ಎಳೆದುಕೊಂಡಳು.

ರಾಜಧಾನಿಯ ಅಗಲವಾದ ಬೀದಿ, ಎರಡೂ ಬದಿಗೆ ಹಳೆಯ ಮರಗಳು. ವಿಧಾನಸಭೆಯ ಮುಂದಿನ ಹುಲ್ಲಿನ ಮೇಲೆ ಕಚೇರಿಯವರು ಡಬ್ಬಿ ಬಿಚ್ಚಿ ಉಣ್ಣುತ್ತಿದ್ದರು. ಗಂಡ ಆ ಕಟ್ಟಡಕ್ಕೆ ಬೆನ್ನು ಹಾಕಿ ನಿಂತು, “ರಾಜಧಾನಿಯಂತೆ! ನಮ್ಮೂರ ಬಸ್ ಸ್ಟ್ಯಾಂಡ್ ಇದಕ್ಕಿಂತ ಜೋರಾಗಿದೆ,” ಎಂದ. ಗಾಳಿಗೆ ಮಾತು ಸರಿಯಾಗಿ ಕೇಳಲಿಲ್ಲವೆಂದು ಮತ್ತೆ ಹೇಳಿದ, ಮತ್ತೊಮ್ಮೆ ಹೇಳಿದ. ಎದುರಿನ ತಿರುವಿನಲ್ಲಿ ಅವಳ ಶಾಲೆಯ ಗೋಡೆ ಕಾಣುತ್ತಿತ್ತು. ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. ತೋರಿಸಿದರೆ ಅದನ್ನೂ ಫೋನಿಗೆ ಹಿಡಿದು ನಗುತ್ತಾನೆ. ಅಷ್ಟರಲ್ಲಿ ಊಟಕ್ಕೆ ಕಾಯುತ್ತಿದ್ದ ಚಿಕ್ಕಮ್ಮನ ಕರೆ ಮತ್ತೆ ಬಂತು: ಅಡುಗೆ ಆರುತ್ತಿದೆ, ಎಲ್ಲಿದ್ದೀರಿ?

ಚಿಕ್ಕಮ್ಮ ನಗರದ ಬಸ್ಸಿನಲ್ಲಿ ಕಂಡಕ್ಟರಾಗಿ ನಿವೃತ್ತಳಾದವಳು. ಮಹಡಿಯ ಮೇಲೆ ಎರಡು ಕೋಣೆಯ ಮನೆ. ಅಳಿಯ ಬರುತ್ತಾನೆಂದು ಪಕ್ಕದ ಮನೆಯಿಂದ ಒಳ್ಳೆಯ ಕುರ್ಚಿ ತಂದಿಟ್ಟಿದ್ದಳು. ಇಸ್ತ್ರಿಯ ಗೆರೆ ಮಾಸದ ಬಟ್ಟೆ ಉಟ್ಟಿದ್ದಳು. ಬಾಗಿಲಲ್ಲೇ ಅವಳನ್ನು ತಬ್ಬಿಕೊಂಡು, ಗಲ್ಲ ಹಿಡಿದು, ಇಡೀ ಕಟ್ಟಡಕ್ಕೆ ಕೇಳುವಂತೆ “ಬಂದ್ಯಾ! ಅಂತೂ ಬಂದ್ಯಾ!” ಎಂದಳು.

ಊಟ ಅರ್ಧವಾಗಿತ್ತು. ಗಂಡ ಎಡಗೈಯಲ್ಲಿ ಫೋನೆತ್ತಿ ಕೋಣೆಯ ಸುತ್ತ ತಿರುಗಿಸಿದ.

“ಸ್ನೇಹಿತರೇ, ಇದು ನಮ್ಮ ಚಿಕ್ಕತ್ತೆ ಅರಮನೆ. ಕೈ ಚಾಚಿದ್ರೆ ಒಲೆ, ಕಾಲು ಚಾಚಿದ್ರೆ ಬೀದಿ. ಇವರು ಕಂಡಕ್ಟರು. ಜೀವನವಿಡೀ ರೈಟ್ ರೈಟ್ ಅಂತ ಅರಚಿ, ಈಗ ಉಪ್ಪು ಬೇಕಾ ಅಂತ ಕೇಳಿದ್ರೂ ನನ್ನ ಕಿವಿ ತಮಟೆ ಹರಿಯುತ್ತೆ. ಈ ಜನಾನೇ ಹೀಗೆ. ಅರಚೋದು, ತಿನ್ನೋದು, ಮಲಗೋದು!”

ಫೋನು ತನ್ನ ಕಡೆ ತಿರುಗಿದ್ದನ್ನು ಕಂಡು ಚಿಕ್ಕಮ್ಮ ಕೂದಲು ಸರಿಪಡಿಸಿಕೊಂಡು ನಕ್ಕಳು. “ಏನಂತೆ ಅಳಿಯಂದು? ಅಡುಗೆ ಹಿಡಿಸ್ತಂತಾ?” ಎಂದು ಅವಳನ್ನು ಕೇಳಿದಳು.

ಹೌದು, ತುಂಬ ಹಿಡಿಸಿತಂತೆ ಎಂಬ ಮಾತು ನಾಲಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಹೊರಟಾಗಿನಿಂದ ಅಂಥವನ್ನೇ ಹೇಳುತ್ತ ಬಂದಿದ್ದಳು. ಚಿಕ್ಕಮ್ಮನ ನಗುವನ್ನು ನೋಡಿದಳು.

ಗಂಡ ಹೇಳಿದ್ದನ್ನು ಅವಳು ಚಿಕ್ಕಮ್ಮನ ಭಾಷೆಗೆ ತಿರುಗಿಸಿ ಹೇಳಿದಳು. ಅರಮನೆ, ಒಲೆ, ಬೀದಿ, ಅರಚೋದು, ತಿನ್ನೋದು, ಮಲಗೋದು. ಯಾವುದನ್ನೂ ಬಿಡಲಿಲ್ಲ.

ಚಿಕ್ಕಮ್ಮನ ಕೈಯಲ್ಲಿದ್ದ ಸೌಟು ಪಾತ್ರೆಯ ಮೇಲೆ ಹಾಗೇ ನಿಂತಿತು.

“ಏನು ಹೇಳ್ದೆ? ನಗ್ಲೇ ಇಲ್ವಲ್ಲ ಅವರು,” ಎಂದ ಗಂಡ.

“ನೀವು ಹೇಳಿದ್ದನ್ನೇ ಹೇಳ್ದೆ.”

ಅವನು ಫೋನನ್ನು ಥಟ್ಟನೆ ಕವುಚಿಟ್ಟ. “ತಲೆ ಕೆಟ್ಟಿದೆಯಾ ನಿಂಗೆ? ಅದು ತಮಾಷೆ ಕಣೇ!”

“ತಮಾಷೆ ಅಂದ್ಮೇಲೆ ಅವರಿಗೂ ಗೊತ್ತಾಗ್ಲಿ. ನಿಮ್ಮ ಕೊಳಕು ಮಾತನ್ನೆಲ್ಲ ತೊಳೆದು, ಒರೆಸಿ, ಸಕ್ಕರೆ ಹಾಕಿ ಕಂಡೋರ ಮುಂದೆಲ್ಲ ಇಡ್ತಾ ಬಂದೆನಲ್ಲ, ತಲೆ ಕೆಟ್ಟಿದ್ದು ಆಗ! ಈ ಜನ, ಈ ಜನ! ನಾನು ಯಾರ ಹೊಟ್ಟೇಲಿ ಹುಟ್ಟಿದ್ದು ರೀ? ಅಮ್ಮ ಸತ್ತಾಗ ನನಗೆ ತುತ್ತು ಕೊಟ್ಟಿದ್ದು ಇದೇ ಮನೇಲಿ!”

ಚಿಕ್ಕಮ್ಮ ಏನೋ ಹೇಳಿದಳು. ಆಕೆಯ ದನಿ ಅಷ್ಟು ತಗ್ಗಿದ್ದನ್ನು ಅವಳೆಂದೂ ಕೇಳಿರಲಿಲ್ಲ.

“ಏನಂತೆ?” ಗಂಡನ ಸ್ವರವೂ ಸಣ್ಣಗಾಗಿತ್ತು.

“ತಟ್ಟೇಲಿರೋದನ್ನ ತಿಂದು ಮುಗಿಸಬೇಕಂತೆ. ಉಣ್ತಾ ಇರೋರನ್ನ ಅವರು ಎಬ್ಬಿಸಲ್ವಂತೆ. ಮುಗಿದ ಮೇಲೆ, ನಿಮ್ಮ ಸ್ಟಾಪ್ ಬಂತಂತೆ, ಇಳೀಬೇಕಂತೆ.”

“ತಪ್ಪಾಯ್ತು ಅಂತ ಹೇಳು ಮಾರಾಯ್ತಿ.”

“ನೀವೇ ಹೇಳಿ.”

“ನಂಗೆಲ್ಲಿ ಬರುತ್ತೆ ಅವರ ಭಾಷೆ?”

ಅವನು ಚಿಕ್ಕಮ್ಮನ ಕಡೆ ತಿರುಗಿ ಏನೋ ತೊದಲಿದ. ಆಕೆ ಪಾತ್ರೆಗೆ ಮುಚ್ಚಳ ಮುಚ್ಚುವುದರಲ್ಲಿದ್ದಳು. ಅವನು ಊಟ ಬಿಟ್ಟೆದ್ದು, ಕೈತೊಳೆದು, ಕಾರಿನ ಕೀ ತೆಗೆದುಕೊಂಡು ಬಾಗಿಲಲ್ಲಿ ನಿಂತ.

“ಬರ್ತೀಯೋ, ಇಲ್ವೋ?”

“ನೀವು ಹೋಗಿ. ನಾನು ಬಸ್ಸಿಗೆ ಬರ್ತೀನಿ.”

“ಯಾವಾಗ?”

“ಅದಿನ್ನೂ ಗೊತ್ತಿಲ್ಲ.”

ಮೆಟ್ಟಿಲ ಮೇಲೆ ಅವನ ಚಪ್ಪಲಿಯ ಸದ್ದು ಕೆಳಗಿಳಿಯಿತು. ಸ್ವಲ್ಪ ಹೊತ್ತಿಗೆ ಕಾರು ಹೊರಟ ಸದ್ದೂ ಕೇಳಿತು. ಚಿಕ್ಕಮ್ಮ ತಟ್ಟೆಗಳನ್ನು ಒಳಗೆ ಒಯ್ದು ತೊಳೆಯತೊಡಗಿದಳು. ಅವಳು ಬಟ್ಟೆಯೊಂದನ್ನು ಹಿಡಿದು ಪಕ್ಕದಲ್ಲಿ ನಿಂತು, ತೊಳೆದದ್ದನ್ನು ಒರೆಸತೊಡಗಿದಳು. ಕಟ್ಟೆಯ ಮೇಲೆ ಇಡುವಾಗ ತಟ್ಟೆಗೆ ತಟ್ಟೆ ತಾಗಿ ಟಣಟಣ ಎನ್ನುತ್ತಿತ್ತು. ಚಿಕ್ಕಮ್ಮ ತಿರುಗಿ ನೋಡಲಿಲ್ಲ. ನಲ್ಲಿಯನ್ನು ಇನ್ನಷ್ಟು ತಿರುಗಿಸಿ, ಆ ಸದ್ದು ಮುಳುಗುವಂತೆ ನೀರನ್ನು ಜೋರಾಗಿ ಬಿಟ್ಟಳು.