ಎತ್ತುವ ಮೊದಲು

ತಂಗಿಯ ಬೀರು ತೆರೆದ ಕೂಡಲೇ ಮೂಗಿಗೆ ಬಡಿದದ್ದು ಹೊಂಗೆ ಎಣ್ಣೆಯ ವಾಸನೆ. ಬಿಳಿ ಸೀರೆ ಹುಡುಕುತ್ತಿದ್ದ ಹಾಲಮ್ಮನ ಕೈ ಅಲ್ಲೇ ನಿಂತಿತು. ಅಪ್ಪ ಮುನಿಯಪ್ಪ ರೈಲ್ವೆ ಗ್ಯಾಂಗ್‌ಮನ್. ಅಜ್ಜಂಪುರದ ಕ್ವಾರ್ಟರ್ಸಿನಲ್ಲಿ ಸಂಜೆ ಅವ್ವ ಎಣ್ಣೆ ಬಿಸಿ ಮಾಡಿ ಕೊಟ್ಟರೆ ಹೆಣ್ಣುಮಕ್ಕಳಿಬ್ಬರೂ ಅಪ್ಪನ ಒಂದೊಂದು ಕಾಲು ತಿಕ್ಕಬೇಕಿತ್ತು. ಹಾಲಮ್ಮ ತನ್ನ ಪಾಲಿನ ಕಾಲನ್ನು ಬೇಗಬೇಗ ತಿಕ್ಕಿ ಆಡಲು ಓಡುತ್ತಿದ್ದಳು. ತಂಗಿ ಯಶೋಧರಾ ಮಾತ್ರ "ಅಪ್ಪಾ, ಇಲ್ಲಿ ಮುಟ್ಲಾ? ನೋಯ್ತದಾ?" ಎಂದು ಕೇಳಿ ಕೇಳಿ, ಎಣ್ಣೆ ಆರುವ ತನಕ ಕೂತಿರುತ್ತಿದ್ದಳು.

"ಅಕ್ಕಾ, ಸೀರೆ ಸಿಕ್ತೇನೆ? ವ್ಯಾನಿನೋನು ಹಾರ್ನ್ ಹೊಡೀತವ್ನೆ." ತಮ್ಮ ಸಿದ್ದೇಶ್ ಬಾಗಿಲಲ್ಲಿ ನಿಂತಿದ್ದ.

"ಹೊಡೀಲಿ ಬಿಡೋ. ಅವಳೇನು ಎದ್ದು ಓಡ್ಹೋಗ್ತಾಳಾ?"

ತರೀಕೆರೆ ಬಸ್ ಸ್ಟ್ಯಾಂಡಿನ ಹಿಂದೆ, ಓಬಳಪ್ಪನ ಹಿಟ್ಟಿನ ಗಿರಣಿಯ ಮಹಡಿಯ ಮೇಲೆ ಯಶೋಧರಾಳ ಮನೆ. ಮನೆಯೆಂದರೆ ಒಂದು ದೊಡ್ಡ ಹಾಲ್, ಪಕ್ಕದಲ್ಲೊಂದು ಕೋಣೆ. ಬೆಳಗಿನ ಜಾವ ಆ ಕೋಣೆಯಲ್ಲಿ ನಿದ್ದೆಯಲ್ಲೇ ಅವಳ ಉಸಿರು ನಿಂತಿತ್ತು. ಈಗ ಅವಳನ್ನು ಕೆಳಗಿಳಿಸುವುದೇ ದೊಡ್ಡ ಫಜೀತಿಯಾಗಿತ್ತು. ಮೆಟ್ಟಿಲು ಕಡಿದಾದದ್ದು, ನಡುವೆ ತಿರುವು. ಬಿದಿರಿನ ಚಟ್ಟವನ್ನು ಮೇಲೆ ತರಲು ಹೋದವರು ಆ ತಿರುವಿನಲ್ಲಿ ಸಿಕ್ಕಿಸಿ, ಒಬ್ಬರನ್ನೊಬ್ಬರು ಬೈದುಕೊಂಡು, ಬಿಡಿಸಿಕೊಂಡು ಹೋಗಿದ್ದರು.

"ಪ್ಲಾಸ್ಟಿಕ್ ಕುರ್ಚೀಲಿ ಕೂರ್ಸಿ ಇಳ್ಸಣ," ಎಂದ ಸಿದ್ದೇಶ್.

"ಹಗ್ಗ ಕಟ್ಬೇಕಾಯ್ತದೆ," ಎಂದ ವ್ಯಾನಿನವನು.

"ಹಗ್ಗಾನಾ? ಅವಳೇನು ರಾಗಿ ಮೂಟೇನಾ? ನನ್ ತಂಗೀನ ಹಂಗೆ ಇಳಿಸದಾದ್ರೆ ನಾನು ಮೆಟ್ಲ ಮೇಲೇ ಮಲಕ್ಕತೀನಿ. ತುಳ್ಕಂಡು ಹೋಗ್ರಿ!"

ಗಂಡಸರು ಕುರ್ಚಿಯನ್ನು ಪಕ್ಕಕ್ಕೆ ಸರಿಸಿದರು. ಕೆಳಗೆ ಓಬಳಪ್ಪ ಗಿರಣಿ ನಿಲ್ಲಿಸಿ, ಯಾರೂ ಹೇಳದೆಯೇ ಮೆಟ್ಟಿಲ ಮೇಲಿನ ಹಿಟ್ಟು ತೊಳೆದು, ಕಾಲು ಜಾರದಿರಲೆಂದು ಗೋಣಿಚೀಲದಲ್ಲಿ ಒರೆಸುತ್ತಿದ್ದ.

"ಇನ್ನು ಆ ಕಡೂರಿನೋರು, ಅಜ್ಜಂಪುರದೋರು ಬರ್ಬೇಕಂತೆ. ಇವಳ ಹತ್ರ ಡ್ಯಾನ್ಸ್ ಕಲ್ತೋರು," ಎಂದು ಸಿದ್ದೇಶ್ ಗೊಣಗಿದ.

"ಡ್ಯಾನ್ಸ್ ಅಲ್ಲ ಕಣೋ."

 

*

ಯಶೋಧರಾ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದವಳು. ಆ ಕೆಲಸ ಬಿಟ್ಟು ಬೆಂಗಳೂರಿನಲ್ಲಿ ಮೈಯ ಚಲನೆಯಿಂದ ಮನಸ್ಸಿನ ನೋವು ಮಾಯಿಸುವ ಅದೇನೋ ಥೆರಪಿ ಓದಿಕೊಂಡು ಬಂದಾಗ ಹಾಲಮ್ಮ ಮಾತು ಬಿಟ್ಟಿದ್ದಳು. ಆಮೇಲೆ ತಡೆಯಲಾರದೆ ದಿನಾ ಮಧ್ಯಾಹ್ನ ಒಂದು ಡಬ್ಬಿ ಊಟ ಕಳಿಸತೊಡಗಿದಳು. ಊಟ ಹೋಗುತ್ತಿತ್ತು, ಡಬ್ಬಿ ತಿರುಗಿ ಬರುತ್ತಿರಲಿಲ್ಲ. ಫೋನಿನಲ್ಲಿ "ಡಬ್ಬೀನೂ ತಿಂತೀಯೇನೇ?" ಎಂದು ಬೈದರೆ, "ಬತ್ತದೆ ಬಿಡಕ್ಕಾ," ಎಂಬ ಉತ್ತರ.

ಕೊನೆಗೊಂದು ದಿನ ಡಬ್ಬಿಗಳನ್ನು ತಾನೇ ತರುತ್ತೇನೆಂದು ಹಾಲಮ್ಮ ಮಹಡಿ ಹತ್ತಿದಳು. ಹಾಲಿನಲ್ಲಿ ಯಶೋಧರಾಳ ಕ್ಲಾಸಿಗೆ ಬಂದ ಹೆಂಗಸರು ತಮ್ಮ ಹಿಮ್ಮಡಿ ನೆಲ ಮುಟ್ಟುವುದನ್ನೇ ಗಮನಿಸುತ್ತ ನಿಧಾನವಾಗಿ ನಡೆಯುತ್ತಿದ್ದರು. ಒಬ್ಬಳು ಮಾತ್ರ ಗೋಡೆಗೆ ಬೆನ್ನೊತ್ತಿ ಕೂತಿದ್ದಳು. ಲಕ್ಕವಳ್ಳಿಯ ಮಾಲಿನಿ. ಗಂಡ ಹಿಂದಿನಿಂದ ಬಂದು ಜುಟ್ಟು ಹಿಡಿದು ಎಳೆಯುತ್ತಿದ್ದನಂತೆ. ಅಂದಿನಿಂದ ಬೆನ್ನ ಹಿಂದೆ ಗೋಡೆಯಿಲ್ಲದೆ ಅವಳು ಎಲ್ಲೂ ಕೂರುತ್ತಿರಲಿಲ್ಲ.

"ಒಂದ್ ಹೆಜ್ಜೆ ಹತ್ರ ಬರ್ಲಾ?" ಎಂದು ಯಶೋಧರಾ ದೂರದಿಂದ ಕೇಳಿದಳು.

"ಬ್ಯಾಡ."

ಯಶೋಧರಾ ನಿಂತಲ್ಲೇ ನಿಂತಳು. ಕ್ಲಾಸ್ ಮುಗಿಯುವವರೆಗೂ ನಿಂತಳು.

"ಸುಮ್ನೆ ನಿಂತ್ಕಳಕ್ಕೂ ಓದ್ಬೇಕೇನೇ?" ಎಂದು ಹಾಲಮ್ಮ ಸಿಡುಕಿದಳು.

"ಬ್ಯಾಡ ಅಂದ್ಲಲ್ಲಕ್ಕಾ. ಇವತ್ತಿಗೆ ಅದೇ ಕೆಲಸ."

ಕೊನೆಯಲ್ಲಿ ಒಬ್ಬ ಹೆಂಗಸು ಜಮಖಾನದ ಮೇಲೆ ಮಲಗಿದಳು. ಉಳಿದವರು ಸುತ್ತ ಬಗ್ಗಿ ಅಂಚು ಹಿಡಿದು "ಎತ್ಲಾ?" ಎಂದು ಕೇಳಿದರು. ಮಲಗಿದವಳು ಬಾಯಿಬಿಟ್ಟು "ಎತ್ತಿ" ಎನ್ನುವವರೆಗೆ ಯಾರೂ ಅಲುಗಲಿಲ್ಲ. ಆಮೇಲೆ ಮಗುವಿನಂತೆ ಎತ್ತಿ, ತೂಗಿ, ಇಳಿಸಿದರು. ಎದ್ದವಳ ಮುಖ ನೋಡಿ ಹಾಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದಕ್ಕೂ ಅವಳಿಗೆ ಸಿಟ್ಟೇ ಬಂತು.

"ನೀನ್ಯಾವಾಗ ಮಲಗ್ತೀಯೇ?"

"ನಾನು ಆಮೇಲೆ. ನಾನು ಭಾರ ಕಣಕ್ಕಾ," ಎಂದು ಯಶೋಧರಾ ನಕ್ಕಳು.

ಡಬ್ಬಿ ಕೇಳುವುದು ಮರೆತೇ ಹೋಗಿತ್ತು.

*

ಬಂದ ಹೆಂಗಸರು ಅಳುವ ಮೊದಲು ಚಪ್ಪಲಿ ಸಾಲಾಗಿಟ್ಟರು. ಮಾಲಿನಿ ಮೆಟ್ಟಿಲ ತಿರುವನ್ನೊಮ್ಮೆ, ಪ್ಲಾಸ್ಟಿಕ್ ಕುರ್ಚಿಯನ್ನೊಮ್ಮೆ ನೋಡಿದಳು. ಹಾಲಿನ ಮೂಲೆಯಿಂದ ಜಮಖಾನ ತಂದು ಹಾಸಿದಳು.

"ನಾವು ಇಳಿಸ್ತೀವಕ್ಕಾ."

"ಹೆಂಗಸ್ರಾ? ಆ ಮೆಟ್ಲಲ್ಲಾ? ಕೈ ಜಾರಿದ್ರೆ?" ಎಂದ ಸಿದ್ದೇಶ್.

"ನಾವು ಇದುವರ್ಗೂ ಯಾರನ್ನೂ ಬೀಳಿಸಿಲ್ಲ ಕಣಣ್ಣಾ."

"ಇಳಿಸ್ಲಿ ಬಿಡೋ, ನಿಂದೊಂದು!" ಎಂದಳು ಹಾಲಮ್ಮ.

ಹಾಲಮ್ಮನೂ ಮಾಲಿನಿಯೂ ಸೇರಿ ಯಶೋಧರಾಳನ್ನು ಜಮಖಾನದ ಮೇಲೆ ಮಲಗಿಸಿದರು. ಹೆಂಗಸರು ಸುತ್ತ ಬಗ್ಗಿ ಅಂಚು ಹಿಡಿದರು.

"ಎತ್ಲಾ?" ಎಂದಳು ಮಾಲಿನಿ.

ಕೇಳಿ, ಕಾದಳು. ಎಲ್ಲರೂ ಕಾದರು. ಉತ್ತರ ಬಾರದೆಂಬ ಅರಿವಾಗಿ ಒಬ್ಬಳಿಗೆ ಅಳು ಒತ್ತರಿಸಿಕೊಂಡು ಬಂತು. ಆದರೂ ಯಾರ ಕೈಯೂ ಮೇಲೇಳಲಿಲ್ಲ. ಕೆಳಗೆ ವ್ಯಾನಿನ ಹಾರ್ನ್ ಕೇಳಿಸಿತು.

"ಏನ್ ನೋಡ್ತಿದೀರಿ? ಎತ್ರಮ್ಮಾ!" ಎಂದ ಸಿದ್ದೇಶ್.

"ಮೇಡಂ ಹೇಳ್ಲಿಲ್ವಲ್ಲಣ್ಣಾ," ಎಂದಳು ಮಾಲಿನಿ. 

ಹಾಲಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ಇವಳಾ! ಬದುಕಿದ್ದಾಗ ಕಾಯ್ಸಿದ್ದು ಸಾಲ್ದೂಂತ ಈಗ್ಲೂ ಕಾಯಿಸ್ತಾಳಲ್ಲ!" ಮಂಡಿ ಊರಿ ತಂಗಿಯ ತಲೆಯ ಬಳಿ ಕೂತಳು. ಹಣೆಯ ಮೇಲಿನ ಕೂದಲು ಸರಿಸಲು ಹೋದ ಕೈಯನ್ನು ನಡುವೆಯೇ ತಡೆದು, ಕಿವಿಯ ಬಳಿ ಬಗ್ಗಿದಳು.

"ಯಶೀ, ಎತ್ಲಾ?"

ಅವಳೂ ಕಾದಳು.  ಆಮೇಲೆ ಹಾಲಮ್ಮ ತಲೆ ಎತ್ತದೆಯೇ ಹೇಳಿದಳು: "ಎತ್ತಿ."

ಜಮಖಾನ ನೆಲ ಬಿಟ್ಟಿತು. ತಿರುವಿನಲ್ಲಿ ಭಾರ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಸರಿಯಿತು. ಓಬಳಪ್ಪ ತಲೆಯ ಟವಲ್ ತೆಗೆದು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟ. ಯಶೋಧರಾಳ ತಲೆ ಒಮ್ಮೆಯೂ ವಾಲಲಿಲ್ಲ.

*

ಬುದ್ಧವಂದನೆ ಮುಗಿದು, ಚಿತೆ ಹತ್ತಿ, ಎಲ್ಲರೂ ವಾಪಸ್ಸಾದರು. ಸಂಜೆ ಹಾಲಮ್ಮ ಮೆಟ್ಟಿಲ ತಿರುವಿನಲ್ಲೇ ಕೂತುಬಿಟ್ಟಳು. ಸಿದ್ದೇಶ್ ಎರಡು ಸಲ ಬಂದು ರಟ್ಟೆ ಹಿಡಿದು ಎಳೆದ. "ಏಳಕ್ಕಾ, ಬೆಳಗಿಂದ ಏನೂ ತಿಂದಿಲ್ಲ. ಹಟ ಮಾಡ್ಬ್ಯಾಡ."

"ಬ್ಯಾಡ ಅಂದ್ರೆ ತಿಳಿಯಲ್ವೇನೋ? ಬಿಡೋ ಕೈಯ!"

ಅವನು ಕೈ ಬಿಟ್ಟು ಹೋದ. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಮಾಲಿನಿ ಹತ್ತಿ ಬಂದು, ಎರಡು ಮೆಟ್ಟಿಲ ಆಚೆಗೆ ನಿಂತಳು. ಹಾಲಮ್ಮ ಹೂಂ ಎಂದು ತಲೆಯಾಡಿಸಿದ ಮೇಲೆ ಅಲ್ಲೇ ಕೆಳಗಿನ ಮೆಟ್ಟಿಲ ಮೇಲೆ, ಜನ ಓಡಾಡುವ ಬೀದಿಗೆ ಬೆನ್ನು ಮಾಡಿ ಕೂತಳು. ಸೆರಗಿನಡಿಯಿಂದ ಸ್ಟೀಲ್ ಡಬ್ಬಿಯೊಂದನ್ನು ತೆಗೆದು, ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದಳು. ಮುಚ್ಚಳದ ಅಂಚು ನೆಗ್ಗಿತ್ತು. ಅದರ ಮೇಲೆ ಚುಕ್ಕೆ ಚುಕ್ಕೆಯಾಗಿ ಕೊರೆಸಿದ ಹೆಸರು: ಹಾಲಮ್ಮ.

"ಮೇಡಂ ನಮಗೆ ಊಟ ಕೊಟ್ಟು ಕಳಿಸ್ತಿದ್ದ ಡಬ್ಬಿ ಅಕ್ಕಾ," ಎಂದು ಮಾಲಿನಿ ಕಾದಳು. ಹಾಲಮ್ಮ ಕೈ ಚಾಚಿದಳು. ಡಬ್ಬಿಯ ತಳ ಇನ್ನೂ ಬಿಸಿಯಾಗಿತ್ತು.